ಒತ್ತು, ಹಿಡಿ, ಬಿಡು

ನನ್ನ ಕೆಲಸ ಒತ್ತುವುದು.
ಮೂರು ಭಾನುವಾರದಿಂದ ಅದೇ.
ಶಿಡ್ಲಘಟ್ಟದಲ್ಲಿ ನಾವು ಗೂಡು ಬೇಯಿಸುವ ಶೆಡ್ಡಿನ ಹಿಂದೆ
ಇಟ್ಟಿಗೆ ಏರಿ ಕೂತ ಅರವತ್ತೆಂಟರ ಫಿಯೆಟ್ಟು.
ಒಳಗೆ ನಾನು, ಚಪ್ಪಲಿ ಬಿಟ್ಟು,
ಬರಿಗಾಲು ಪೆಡಲಿನ ಮೇಲೆ.

ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಇಬ್ಬರು.
ತಲೆ ಕಾಣದು, ದನಿ ಮಾತ್ರ.
ಒತ್ತು.
ಒತ್ತಿದೆ.
ಹಿಡಿ.
ಹಿಡಿದಿದ್ದೇನೆ.
ಸ್ಪ್ಯಾನರ್ ತಿರುಗಿದ ಕಿರ್ರು, ಬಾಟಲಿಯಲ್ಲಿ ಗುಳಕ್ಕು.
ಮತ್ತೆ ಬಿಗಿದ ಕಿರ್ರು.
ಬಿಡು.
ಬಿಟ್ಟು ಮತ್ತೆ ಒತ್ತಿದರೆ
ಚಹಾದಲ್ಲಿ ನೆಂದ ಬನ್ನು.
ಕಾಲು ನೆಲಕ್ಕೇ ಹೋಗುತ್ತದೆ.

ಹಳೆಯ ಡ್ರಮ್ಮು ಸಾಕಾಗಿತ್ತು ನನಗೆ.
ಕೈವಾರದ ಇಳಿಜಾರಲ್ಲಿ ಒಮ್ಮೆ ಎಡಕ್ಕೆಳೆದು
ಕಡಲೆಕಾಯಿ ಹೊಲಕ್ಕೆ ಇಳಿಸಿದ್ದು ನಿಜ.
ಹೊಲದವಳು ಬೈದಳು, ಯಾರೂ ಸಾಯಲಿಲ್ಲ.
ಇವರಿಗೆ ಡಿಸ್ಕೇ ಆಗಬೇಕು.
ಗುಜರಿ ಮಾರುತಿಯಿಂದ ಕಿತ್ತ ಕ್ಯಾಲಿಪರ್ ಜೋಡಿ,
ಚಿಂತಾಮಣಿಯ ಗಂಗಾಧರಾಚಾರಿ ಕೊರೆದುಕೊಟ್ಟ ಬ್ರಾಕೆಟ್ಟು.
ಬೂಸ್ಟರ್ ಬೇಡ, ಕಾಲಿನ ಬಲವೇ ಸಾಕು ಅಂದರು.
ಯಾರ ಕಾಲು ಅಂತ ಹೇಳಲಿಲ್ಲ.

ಮೊದಲ ವಾರ ಮಾಸ್ಟರ್ ಸಿಲಿಂಡರಿನ ವಾಷರು ಸರಿಯಿಲ್ಲ ಅಂದ ಪಿಳ್ಳಪ್ಪ.
ಹೊಸದು ಬಂತು.
ಎರಡನೇ ವಾರ ಹೋಸು ಉಬ್ಬುತ್ತಿದೆ ಅಂದ.
ಅದೂ ಹೊಸದು ಬಂತು.
ಎಣ್ಣೆ ನಕಲಿ ಅಂದರು ಇವರು.
ಎರಡು ಲೀಟರ್ ಎಣ್ಣೆ ಚೆಲ್ಲಿ ಹೋಯಿತು,
ಬಿದ್ದಲ್ಲೆಲ್ಲ ಬಾಗಿಲಿನ ನೀಲಿ ಬಣ್ಣ
ಹಳೇ ಹುಣ್ಣಿನ ಸಿಪ್ಪೆಯಂತೆ ಎದ್ದು ಬಂತು.

ಇಪ್ಪತ್ತೆರಡು ವರ್ಷ ಬಿಸಿನೀರಲ್ಲಿ ಬೆರಳಿಟ್ಟವಳು ನಾನು.
ಗಾಳಿ ಉಳಿದ ಗೂಡು ತೇಲುತ್ತದೆ,
ನೀರು ಕುಡಿದದ್ದು ಮುಳುಗುತ್ತದೆ.
ಎಳೆಯ ತುದಿ ಸಿಗದಿದ್ದರೆ
ಗೂಡನ್ನು ಬೈದು ಪ್ರಯೋಜನವಿಲ್ಲ, ತಿರುಗಿಸಿ ನೋಡಬೇಕು.

ಮೂರನೇ ಭಾನುವಾರ ನೀರು ಕುಡಿಯಲು ಇಳಿದೆ.
ಇಳಿದವಳು ಸುಮ್ಮನೆ ಬಗ್ಗಿ ನೋಡಿದೆ.
ಎಣ್ಣೆ ಬಿಡುವ ನಿಪ್ಪಲ್ಲು
ಮೇಕೆ ಕೆಚ್ಚಲಿನ ತೊಟ್ಟಿನ ಹಾಗೆ
ನೆಲ ನೋಡುತ್ತಿತ್ತು.

ಪಿಳ್ಳಪ್ಪಣ್ಣ, ಗುಳ್ಳೆ ಯಾವ ಕಡೆ ಹೋಗುತ್ತೆ?
ಮೇಲಕ್ಕೆ, ಶಮೀಮಕ್ಕ.
ಬಾಗಿಲು ಯಾವ ಕಡೆ ಇಟ್ಟಿದ್ದೀರಿ?

ಪಕ್ಕದ ಮನೆಯ ಹುಂಜ ಒಮ್ಮೆ ಕೂಗಿತು.
ಆಮೇಲೆ ಇನ್ನೊಮ್ಮೆ.
ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ್ದರು.
ಎರಡೂ ಕಡೆಗೂ ಹೊಂದುವಷ್ಟು ಚೊಕ್ಕವಾಗಿ ಕೊರೆದ
ಆಚಾರಿಯನ್ನೇ ಬೈದರು ಇಬ್ಬರೂ ಸೇರಿ.

ಅದಲು ಬದಲು ಮಾಡಿ, ಮತ್ತೆ ಒತ್ತು, ಹಿಡಿ.
ಬಾಟಲಿಯಲ್ಲಿ ಗಾಳಿ ಕೆಮ್ಮಿತು, ಉದ್ದಕ್ಕೆ,
ಮೂರು ವಾರದ ಕೆಮ್ಮು.
ಬಿಡು.
ಮುಂದಿನ ಸಲ ಒತ್ತಿದಾಗ ಅರ್ಧ ದಾರಿಯಲ್ಲೇ
ಕಾಲಿಗೆ ಕಲ್ಲು ಸಿಕ್ಕಿತು.

ಕಥೆ ಮುಗಿಯಲಿಲ್ಲ.
ಎಚ್ ಕ್ರಾಸಿಗೆ ಹೋಗಿ ಬರುವಷ್ಟರಲ್ಲಿ
ಮುಂದಿನ ಚಕ್ರದಿಂದ ಸೀದ ವಾಸನೆ.
ತಟ್ಟೆಯ ಮೇಲೆ ಉಗುಳಿದರೆ ಚುಯ್ಯೆಂದಿತು.
ಜಾಕು ಕೊಟ್ಟು ಎತ್ತಿ ಕೈಯಲ್ಲಿ ತಿರುಗಿಸಿದರೆ
ಚಕ್ರ ಬರಲೊಲ್ಲದು.

ಪಿಳ್ಳಪ್ಪ ಮಾಸ್ಟರಿನ ಬಾಯೊಳಗಿಂದ
ಅವರೆಕಾಳಿನಷ್ಟು ಒಂದು ವಾಲ್ವು ತೆಗೆದ.
ಡ್ರಮ್ಮಿನ ಕಾಲದ್ದು, ಅಂದ,
ಕಾಲೆತ್ತಿದ ಮೇಲೂ ಎಣ್ಣೆಯನ್ನು ಒಂದಿಷ್ಟು ಒತ್ತಿ ಹಿಡಿಯುತ್ತೆ.
ಡಿಸ್ಕಿಗೆ ಅದು ಆಗಿಬರೋದಿಲ್ಲ.
ಎಸೆಯಲು ಕೈ ಎತ್ತಿದವನು ನಿಂತು,
ಹಿಂದಿನ ಚಕ್ರದಲ್ಲಿ ಇನ್ನೂ ಡ್ರಮ್ಮೇ ಅಲ್ಲವೇ ಎಂದು
ಹಿಂದಿನ ಪೈಪಿಗೆ ಸೇರಿಸಿದ.

ಈಗ ಚಕ್ರ ಬೆರಳಿಗೇ ತಿರುಗುತ್ತದೆ.
ಪೆಡಲು ಮಾತ್ರ ಗಟ್ಟಿ, ಬಲು ಗಟ್ಟಿ.
ಮಾಸ್ಟರಿನ ಹೊಟ್ಟೆ ದಪ್ಪವಾಯಿತು,
ಇನ್ನೊಂದು ಸೈಜು ಸಣ್ಣದು ಬೇಕೇನೋ,
ನೋಡೋಣ, ಬರುವ ಭಾನುವಾರ ಅಂದ ಪಿಳ್ಳಪ್ಪ.

ರಾತ್ರಿ ನಿದ್ದೆಯಲ್ಲಿ ನನ್ನ ಬಲಗಾಲು
ಮಂಚದ ಕೊನೆಯ ಹಲಗೆಯನ್ನು ಒತ್ತಿ ಹಿಡಿದಿತ್ತಂತೆ.
ಪಕ್ಕದಲ್ಲಿ ಇವರು, ಕಣ್ಣು ಬಿಡದೆ,
ಬಿಡು, ಅಂದರು.