‘ಸ್ಥಳ’ ಎಂದಿರುವಲ್ಲಿ

ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಹೋಗಿದ್ದಾನೆ ಡೆರಿಕ್
ಆ ಬಣ್ಣದ ಕರಪತ್ರ.
ಬಿಳಿ ಹಡಗು, ಹನ್ನೆರಡು ಮಹಡಿ.
ಮದುವೆಯ ಪ್ಯಾಕೇಜಿನಲ್ಲಿ ಎರಡಂತಸ್ತಿನ ಕೇಕು, ಒಂದು ಪಿಟೀಲು,
ಹೂಗುಚ್ಛ (ನಿಜವಾದ ಹೂವಿಗೆ ಬೇರೆ ದರ),
ಭುಜಕ್ಕೆ ನಾಲ್ಕು ಚಿನ್ನದ ಪಟ್ಟಿಯ ಕ್ಯಾಪ್ಟನ್.
ಸೋಮವಾರದೊಳಗೆ ಮುಂಗಡ.

ಅರವತ್ತೆರಡಕ್ಕೆ ಮದುವೆಯೇ ಎಂದು ನಗುವವರು ನಗಲಿ.
ಮೂವತ್ತು ವರ್ಷ ಒಂದೇ ನಂಬರಿನ ಬಸ್ಸು ಓಡಿಸಿದವನು
ಒಮ್ಮೆಯಾದರೂ ನಿಲ್ದಾಣವಿಲ್ಲದ ದಾರಿ ನೋಡಬೇಕು ಅನ್ನುತ್ತಾನೆ.
ತಪ್ಪೇನಿಲ್ಲ.

ಆದರೆ ಹಲ್ ಪಟ್ಟಣವನ್ನು ನದಿಯೊಂದು ಸೀಳುತ್ತದೆ;
ಅವನು ಪೂರ್ವದವನು, ನಾನು ಹೆಸಲ್ ರೋಡಿನವಳು.
ನಮ್ಮ ಬೀದಿಯ ಕಟ್ಟಳೆ ಅವನಿಗೆ ಯಾರು ಹೇಳಿಕೊಟ್ಟಾರು?
ಗಂಡ ಕಡಲಿಗೆ ಹೊರಟ ದಿನ ಬಟ್ಟೆ ಒಗೆಯಬಾರದು,
ಒಗೆದರೆ ಅವನನ್ನೇ ತೊಳೆದು ಚೆಲ್ಲಿದ ಹಾಗೆ.
ಹಸಿರು ತೊಡಬಾರದು.
ಬಾಗಿಲಲ್ಲಿ ನಿಂತು ಕೈ ಬೀಸಬಾರದು.
ಹಡಗುಕಟ್ಟೆಯ ಕಡೆ ಹೆಂಗಸಿನ ನೆರಳೂ ಬೀಳಬಾರದು.

ಅಮ್ಮ ಒಂದನ್ನೂ ಮೀರಲಿಲ್ಲ.
ಆ ಜನವರಿ, ನನಗೆ ಐದು,
ಅಪ್ಪನ ಅಂಗಿಗಳು ತೊಟ್ಟಿಯಲ್ಲಿ ನೀರು ಕಾಣದೆ ಕೂತಿದ್ದವು.
ಐಸ್‌ಲ್ಯಾಂಡಿನ ಉತ್ತರಕ್ಕೆ
ಹಗ್ಗ, ಕಂಬಿ, ದೀಪ, ಎಲ್ಲದಕ್ಕೂ ಹಿಮ ಮೆತ್ತಿ
ಭಾರಕ್ಕೆ ಮಗುಚಿತು ಎಂದರು.
ಆಮೇಲೂ ಅವಳು ಒಗೆಯಲಿಲ್ಲ.
ಈಸ್ಟರ್‌ವರೆಗೂ ಮನೆಯಲ್ಲಿ ಕಾಡ್ ಮೀನಿನ ವಾಸನೆ,
ಯಾರೂ ಕಿಟಕಿ ತೆರೆಯಲಿಲ್ಲ.

ನೀರಿಗಿಳಿದ ಮೇಲೆ ಚಳಿಯೇನು ಎನ್ನುವವರು
ಆ ನೀರು ನೋಡಿಲ್ಲ.

ಬಿಸ್ಕತ್ ಡಬ್ಬಿಯಲ್ಲಿ ಅಮ್ಮ ಒಂದು ಕಾಗದ ಇಟ್ಟಿದ್ದಳು.
ಹೆಸರು, ವಯಸ್ಸು, ಕಸುಬು.
‘ಸ್ಥಳ’ ಎಂದಿರುವಲ್ಲಿ ಟೈಪು ಮಾಡಿದ ಒಂದೇ ಮಾತು:
ಸಮುದ್ರದಲ್ಲಿ.
ಎಷ್ಟು ದೊಡ್ಡ ವಿಳಾಸ!
ಹೂವು ಇಡಲು ಒಂದು ಗೇಣು ಜಾಗವಿಲ್ಲ.

ರಿಜಿಸ್ಟ್ರಾರ್ ಕಚೇರಿ ಇದ್ದೇ ಇದೆ:
ಕಂದು ಕುರ್ಚಿ, ಪ್ಲಾಸ್ಟಿಕ್ ಲಿಲ್ಲಿ, ಇಪ್ಪತ್ತು ನಿಮಿಷ,
ಎದುರಿನ ಪಬ್ಬಿನಲ್ಲಿ ಹ್ಯಾಮ್ ಸ್ಯಾಂಡ್‌ವಿಚ್.
ತಂಗಿ ಐಲೀನ್ ಬರಬಲ್ಲಳು,
ಸ್ನಾನದ ತೊಟ್ಟಿಗೂ ಹೆದರುವವಳು ಅವಳು.
ಕಾಲಡಿ ನೆಲ. ಅದೊಂದು ಕಡಿಮೆಯೇ?

ಆದರೂ ಇವತ್ತು ಹಡಗಿನ ಕಂಪನಿಗೆ ಫೋನು ಮಾಡಿದೆ.
ಬಾವುಟ ಬರ್ಮುಡಾದ್ದಂತೆ, ಕಾನೂನೂ ಅಲ್ಲಿಯದಂತೆ,
ದಡ ಕಣ್ಮರೆಯಾದ ಮೇಲೇ ಮದುವೆಯಂತೆ.
ಯಾವ ಊರಿನ ಹೆಸರು ಬರೆಯುತ್ತೀರಿ, ಕೇಳಿದೆ.
ಊರಿರುವುದಿಲ್ಲ ಮೇಡಂ,
‘ಸಮುದ್ರದಲ್ಲಿ’ ಅಂತ ಬರೀತೀವಿ, ಅಂದಳು ಹುಡುಗಿ,
ಎಲ್ಲರಿಗೂ ಅದು ತುಂಬಾ ಇಷ್ಟವಾಗುತ್ತೆ.

ಲೈನಿನಲ್ಲಿದ್ದೀರಾ, ಎಂದು ಎರಡು ಸಲ ಕೇಳಿದಳು.

ಒಂದೇ ಮನೆಯಲ್ಲಿ ಎರಡು ಕಾಗದ, ಒಂದೇ ಮಾತು.
ಅಪ್ಪ ಇನ್ನೂ ಆ ನೀರಿನಲ್ಲೇ ಇದ್ದರೆ
ಕೈ ಹಿಡಿದು ನಡೆಸಲು ಬಂದಾನು ಅನ್ನಿಸಿತು,
ಅನ್ನಿಸಿದ್ದಕ್ಕೇ ನಾಚಿಕೆಯಾಯಿತು.
ಮೂವತ್ತೊಂದರ ಹುಡುಗ ಅವನು, ನನ್ನ ಅರ್ಧ ವಯಸ್ಸು.
ಈ ಮುದುಕಿಯ ಗುರುತು ಹತ್ತುವುದಾದರೂ ಹೇಗೆ?
ಯಾರೋ ಅಜ್ಜಿ ಇರಬೇಕೆಂದು ಟೋಪಿ ತೆಗೆದು ಸರಿದು ನಿಂತಾನು,
ದಾರಿ ಬಿಟ್ಟು.

ಸಂಜೆ ಡೆರಿಕ್ ಬಂದ. ಏನೂ ಕೇಳಲಿಲ್ಲ.
ಚಹಾಕ್ಕೆಂದು ಸಕ್ಕರೆ ಡಬ್ಬಿ ಎತ್ತಿದ,
ಹಡಗು ಮಗುಚಿ ಬಿತ್ತು.
ಇಬ್ಬರೂ ಅದನ್ನೇ ನೋಡುತ್ತ ನಿಂತೆವು.
ನಾನು ಎತ್ತಿ ನಿಲ್ಲಿಸಿದೆ, ಹಾಲಿನ ಜಗ್ಗಿಗೆ ಒರಗಿಸಿ.

ಹೊರಡುವ ದಿನ ನಿನ್ನ ಅಂಗಿ ಮೆಷಿನ್ನಿಗೆ ಹಾಕಬೇಡ, ಅಂದೆ.
ಯಾಕೆ, ಅಂದ.
ಕೊಳೆಯಾಗಿಯೇ ಇರಲಿ.

ಮೂರು ಚಮಚ ಹಾಕಿಕೊಳ್ಳುವವನು ಅವನು.
ಎಣಿಕೆ ತಪ್ಪಿ, ನನ್ನ ಮುಖ ನೋಡುತ್ತ,
ನಾಲ್ಕನೆಯದನ್ನೂ ಹಾಕಿಕೊಂಡ.