ಅಚ್ಚು ತಗದ ಮ್ಯಾಲ

ಎಳ್ಳಮಾವಾಸಿ ಮುಗದ ವಾರಕ್ಕ
ಉದ್ಯಮಬಾಗದ ನಮ್ಮ ಶೆಡ್ಡಿಗೆ ಕುಣಿಯಾವ್ರು ಬರ್ತಾರ.
ಫೌಂಡ್ರಿ ಬಂದ್ ಆಗಿ ಒಂಬತ್ತು ವರ್ಷ ಆತು.
ಮಾಲಕರ ಮಗಳು ವೈಜಯಂತಾ
ಮೊದಲ್ನೇ ಸಲ ಕೀಲಿ ಕೇಳಿದಾಗ
ಭಂಗಾರ ಮಾರಾಕಿರಬೇಕು ಅಂದ್ಕೊಂಡೆ.
"ನೆಲ ಒರಸೂಣು ನಡೀರಿ ಕಾಕಾ" ಅಂದ್ಳು.

ಮೂವತ್ತೊಂದು ವರ್ಷದ ಕರಿ ಉಸುಕು,
ಮೂರು ದಿನಾ ಒರಸಿದ್ರೂ ಬರ್ತಾನ ಇತ್ತು.
ಈಗ್ಲೂ ಬರ್ತೈತಿ:
ಕುಣದು ಇಳದವ್ರ ಅಂಗಾಲು ನೋಡ್ರಿ,
ನನ್ನ ಅಂಗೈಗೆ ಇದ್ದ ಬಣ್ಣಾನ.

ಆ ವರ್ಷ ನೋಡಾಕ ಹನ್ನೊಂದು ಮಂದಿ.
ಅದರಾಗ ಒಬ್ಬಾಂವ ಕುರ್ಚಿ ಬಾಡಿಗಿ ಇಸ್ಕೊಳ್ಳಾಕ ಬಂದಾಂವ,
ಇಬ್ರು ಬಾಜೂ ಶೆಡ್ಡಿನ ಸೆಕೆಂಡ್ ಶಿಫ್ಟಿನವ್ರು,
ಲೈಟ್ ಕಂಡು ಒಳಗ ಹಣಿಕಿದಾವ್ರು.
ನಾಯೀನ್ನ ಲೆಕ್ಕಕ್ಕ ಹಿಡದಿಲ್ಲ.

ಇದು ಆರನೇ ವರ್ಷ.
ಕುಣಿಯಾವ್ರಿಗೆ ಹದಿನೈದು ದಿನ ಮೊದ್ಲ ಜಾಗಾ ಕೊಡ್ತಾರ,
ಪ್ಯಾಟರ್ನ್ ಇಡತಿದ್ದ ಮಾಳಿಗಿ ಮ್ಯಾಲ ಗಾದಿ,
ನಮ್ಮಾಕಿ ಕೈಯಾಗಿನ ರೊಟ್ಟಿ, ಝುಣಕ,
ಹೋಗೂ ದಿನ ಒಂದು ಡಬ್ಬಿ ಕುಂದಾ,
ಬಸ್ಸಿನ ರೊಕ್ಕ, ಮತ್ತ ಒಂದು ಲಕೋಟಿ.
ಲಕೋಟಿ ದಪ್ಪಿಲ್ಲ.
ವೈಜಯಂತಾ ಅದನ್ನ ಎರಡೂ ಕೈಲೆ ಕೊಡ್ತಾಳ.

ನೋಡಾವ್ರಿಗೂ ಐತಿ ಒಂದು ಪಾಠ, ಶನಿವಾರ ಮುಂಜಾನೆ,
ಕುಣಿತ ನೋಡೂದು ಹ್ಯಾಂಗ ಅಂತ.
ನಕ್ಕೆ ನಾನು. ನೋಡಾಕೂ ಕಲೀಬೇಕೇನವ್ವಾ?
ಆಮ್ಯಾಲ ನೆನಪಾತು,
ಕುಲುಮಿ ಮುಂದ ಎರಡು ವರ್ಷ ಬರೇ ನಿಂತಿದ್ದೆ,
ಕರಗಿದ ಕಬ್ಬಿಣದ ಬಣ್ಣ ನೋಡಕೋತ.
ಹಳದಿ ಯಾವಾಗ ಬಿಳಿ ಆಗ್ತೈತಿ,
ಯಾವಾಗ ಹೊಯ್ಯಬೇಕು, ಯಾವಾಗ ಸುಮ್ಮನಿರಬೇಕು.
ಮೇಸ್ತ್ರಿ ಒಂದು ಮಾತೂ ಹೇಳಿಕೊಡಲಿಲ್ಲ,
ನನ್ನ ಗದ್ದ ಹಿಡದು ಆ ಕಡೆ ತಿರುವತಿದ್ದ, ಅಷ್ಟ.
ಹೋಗಿ ಕುಂತೆ, ಹಿಂದಿನ ಸಾಲಿನ್ಯಾಗ.

ಈ ಸಲ ಗಡಿಂಗ್ಲಜದ ಹುಡುಗಿ, ಅಶ್ಲೇಷಾ.
ನಲವತ್ತು ನಿಮಿಷ ಆಕಿ ಮಾಡಿದ್ದು ಇಷ್ಟ:
ಬಿದ್ಲು. ಎದ್ಲು.
ಹಾಡಿಲ್ಲ, ಗೆಜ್ಜಿಲ್ಲ, ಬಾಜಾ ಇಲ್ಲ.
ಎಡಗಿವಿ ಮಶೀನಿಗೆ ಕೊಟ್ಟು ಕುಂತಾಂವ ನಾನು;
ಅವತ್ತ ಎಲ್ಲಾರೂ ನನ್ನಷ್ಟ ಕೇಳಿದ್ರು.
ಮೊದ್ಲ ಬಿದ್ದಾಗ ಯಾರೋ "ಎವ್ವಾ" ಅಂದ್ರು.
ಹದಿನೈದನೇ ಸಲಕ್ಕ ಒಂದು ಕೂಸು ನಕ್ಕಿತು.
ಮೂವತ್ತಕ್ಕ ನಾನು ಎಣಿಸೂದು ಬಿಟ್ಟೆ,
ಬೀಳೂದು ಒಂದ ಥರ ಇದ್ರೂ
ಏಳೂದು ಪ್ರತೀ ಸಲ ಬ್ಯಾರೆ ಇತ್ತು.
ಒಮ್ಮೆ ಮೊಣಕೈಲೆ ಎದ್ಲು, ಒಮ್ಮೆ ಬೆನ್ನಿಲೆ,
ಒಮ್ಮೆ ಏಳಾಕ ಮನಸಿಲ್ಲದ ಎದ್ಲು.

ಮುಗದ ಮ್ಯಾಲ ಒಳಗ ಹ್ವಾದ್ಲು.
ನೆಲದ ಮ್ಯಾಲ ಬೆವರು, ಆಕಿ ಆಕಾರದ್ದು.
ಚಪ್ಪಾಳಿ ಲಗೂನ ಬರಲಿಲ್ಲ.

ಅಚ್ಚಿನ ಕೆಲಸಾನೂ ಹಂಗ:
ಕಟಗಿ ಪ್ಯಾಟರ್ನ್ ಸುತ್ತ ಉಸುಕು ಬಡದು ತುಂಬಿ
ಉಸರು ಬಿಗಿಹಿಡದು ಮ್ಯಾಲಕ್ಕ ಎಳೀಬೇಕು,
ಅಂಚು ಮುರೀದಂಗ.
ಉಳಿಯೂದು ಒಂದು ತಗ್ಗು.
ಮೂವತ್ತೊಂದು ವರ್ಷ ನಾ ಮಾಡಿದ್ದು ಆ ತಗ್ಗು;
ಕಬ್ಬಿಣ ಹೊಯ್ಯಾವ್ರು ಬ್ಯಾರೆ.

ಪ್ರಶ್ನಿ ಕೇಳ್ರಿ ಅಂದಾಗ ಎದ್ದಾಂವ ಸಾತೇರಿ,
ಅಂವನ, ಕುರ್ಚಿ ಬಾಡಿಗಿಯಾಂವ.
ಆರು ವರ್ಷದಾಗ ಒಂದೂ ಕುಣಿತ ತಪ್ಪಿಸಿಲ್ಲ,
ಒಂದು ರೂಪಾಯಿ ಬಾಡಿಗೀನೂ ಬಿಟ್ಟಿಲ್ಲ.
"ಬಾಯಾರ, ನೋವಾಗಲಿಲ್ಲೇನ್ರಿ?"
"ಆತು" ಅಂದ್ಲು.
ಅಂವ ಕುಂತ.

ಮನ್ಯಾಗ ಯಲ್ಲೂಬಾಯಿ ಕೇಳಿದ್ಲು, ಏನ್ ಕುಣದ್ರು ಇವತ್ತ?
ಹೇಳಾಕ ಬರಲಿಲ್ಲ.
ಗ್ವಾಡಿ ಹಿಡದು, ಅರವತ್ತೆಂಟರ ಮಣಕಾಲಿಲೆ
ಸಾವಕಾಶ ನೆಲಕ್ಕ ಇಳದೆ.
"ಏಳ್ರಿ ಇನ್ನ, ಫರಸಿ ಥಂಡಿ ಐತಿ" ಅಂದ್ಲು.
ಹ್ಯಾಂಗ ಏಳೂದು ಅಂತ
ತುಸು ಹೊತ್ತು ಅಲ್ಲೇ ಇದ್ದೆ.