ಸೀಜನ್ ಇಲ್ಲದಾಗ

ವೆನಿಸಿಗೆ ಯಾವಾಗ ಹೋಗಬೇಕು ಅಂತ
ಸೂಪರ್ ಮಾರ್ಕೆಟ್ಟಿನ ಝಾಕೀರ್ ಭಾಯಿಗೆ ಕೇಳಿದೆ.
ಫ್ಯಾನಿನ ಗಾಳಿಗೆ ಹಾರುವ ಕಾಗದದ ಮ್ಯಾಲ
ಹಿತ್ತಾಳಿ ಕೀಲಿ ಇಟ್ಟು ಅಂದ:
'ಏಪ್ರಿಲ್, ಮೇ. ಬೆಸ್ಟ್ ಅದ ಮೇಡಂ.
ಬಿಸಿಲು ಹದ, ಫೋಟೋ ಚಲೋ ಬರ್ತಾವ.'

ಮೇ ಅಂದ್ರ ನನಗ ವಾಡಿ ಜಂಕ್ಷನ್ನು.
ಎರಡನೇ ನಂಬರಿನ ಖಿಡಕಿ,
ಬೆವತ ಚಿಲ್ಲರ,
ಗಾಜಿನಾಚೆ ಸಿಮೆಂಟಿನ ಧೂಳು ಕುಂತ ಹುಬ್ಬುಗಳು.
ಇಪ್ಪತ್ತಾರು ವರ್ಷ ಟಿಕೇಟು ಕೊಟ್ಟೀನಿ
ಸೋಲಾಪುರಕ್ಕ, ಗುಂತಕಲ್ಲಿಗೆ, ಸಿಕಂದರಾಬಾದಿಗೆ.
ಒಬ್ಬರೂ ಕೇಳಲಿಲ್ಲ
'ಅಕ್ಕಾ, ಹೋಗಲಿಕ್ಕ ಯಾವ ತಿಂಗಳು ಚಲೋ?'
ಹೆರಿಗಿಗೆ ತಿಂಗಳಿರ್ತದ, ಕೋರ್ಟಿಗೆ ತಾರೀಖಿರ್ತದ,
ಸಾವಿಗೆ, 'ಮುಂದಿನ ಗಾಡಿ ಎಷ್ಟಕ್ಕ?'
ಅಷ್ಟೇ.

ನನ್ನ ಜೋಡಿ ಬರುವಾಕಿ ಎಸ್ತೇರಮ್ಮ.
ಹೆಂಗಸರ ವೇಟಿಂಗ್ ರೂಮಿನ ಕೀಲಿ
ರಿಟೈರ್ ಆಗೋ ತನಕ ಅಕೀ ಸೊಂಟದಾಗ ಇತ್ತು,
ಈಗ ಬರೇ ಸೊಂಟ ಮುಟ್ಟಿ ನೋಡ್ಕೋತಾಳ.
ಪಾಸ್‌ಪೋರ್ಟಿನ ಸಲುವಾಗಿ ಮನೀಗೆ ಬಂದ ಪೊಲೀಸಪ್ಪ ಕೇಳಿದ,
'ಅಲ್ಲಿ ನಿಮಗ ಯಾರದಾರ?'
'ಯಾರೂ ಇಲ್ಲ.'
'ಮತ್ತ ಯಾಕ?'
ಎಸ್ತೇರಮ್ಮ ಚಹಾದ ಬಸಿ ಅವನ ಮುಂದ ಸರಿಸಿ
'ಯಾರೂ ಇಲ್ಲಂತನೇ' ಅಂದಳು.

ಹಾಲಿನ ಲೆಕ್ಕ ಬರೆದ ಬ್ಯಾಂಕಿನ ಕ್ಯಾಲೆಂಡರ್
ನೆಲಕ್ಕ ಹಾಸಿಕೊಂಡು ಕುಂತ್ವಿ.
ಜುಲೈ ಒಲ್ಲೆ. ದರ ನಾಕು ಪಟ್ಟು, ಸಂದಿಯಾಗ ಭುಜಕ್ಕ ಭುಜ.
ಉರುಸಿನ ಗದ್ದಲಕ್ಕ ಅಲ್ಲೀತನಕ ಯಾಕ ಹೋಗಬೇಕು?
ಡಿಸೆಂಬರಿನಾಗ ಅಕೀ ಚರ್ಚು, ಅದರ ಬೆನ್ನಿಗೆ ನನ್ನ ಎಳ್ಳಮಾಸಿ,
ಭಜ್ಜಿ ಕುದಿಯುವ ಮನಿ ಬಿಟ್ಟು ಯಾರು ಹೋಗ್ತಾರ?
ಜನವರಿಗೆ ಸೀತನಿ.
ಸುಟ್ಟ ತೆನಿ ಅಂಗೈಯಾಗ ತಿಕ್ಕುವಾಗ
ಬ್ಯಾರೆ ಊರಿನ ಹೆಸರು ಬಾಯಾಗ ಬರೋದಿಲ್ಲ.
ಫೆಬ್ರುವರಿ? ಅಲ್ಲಿ ಮುಖವಾಡದ ಹಬ್ಬ ಅಂತ.
'ಖಿಡಕಿ ಹಿಂದ ನಗಿಮುಖ ಹಾಕ್ಕೊಂಡು ಕುಂತಿದ್ದು
ಸಾಕಾಗಿಲ್ಲೇನು ನಿನಗ?'

ಉಳಿದದ್ದು ನವೆಂಬರ್.
ಝಾಕೀರ್ ಭಾಯಿ ಉಗುಳಬೇಕಾದ ಪಾನು ನುಂಗಿಬಿಟ್ಟ.
'ಮಳಿ, ಮಂಜು. ಸಮುದ್ರ ಉಕ್ಕಿ
ದೊಡ್ಡ ಚೌಕದಾಗ ನಿಲ್ತದ ಮೇಡಂ.
ಹಲಗಿ ಹಾಕಿ ಅದರ ಮ್ಯಾಲ ನಡೀತಾರ.
ನಮ್ಮವರು ಯಾರೂ ಹೋಗಲ್ಲ.'

ಯಾರೂ ಹೋಗಲ್ಲ ಅಂದಕೂಡಲೇ
ಒಂದು ಮೇ ನೆನಪಾಯ್ತು. ನಲವತ್ತೈದು ಡಿಗ್ರಿ,
ಹಳಿ ಕಣ್ಣಿಗೆ ಚುಚ್ಚುವ ಹೊತ್ತು.
ಕೆಂಪು ಛತ್ರಿಯ ಮುದುಕಿ ಒಬ್ಬಾಕಿ ಗಾಡಿ ಇಳಿದಳು,
ಯಾವ ದೇಶದಾಕಿಯೋ.
ಸನ್ನತಿಯ ಕಲ್ಲು ನೋಡಬೇಕಂತ.
ಇಡೀ ಸ್ಟೇಷನ್ನು ನಕ್ಕಿತು: ಈ ಬಿಸಿಲಾಗ!
ಎಸ್ತೇರಮ್ಮ ಬಾಗಿಲ ತೆಗೆದು ಕೊಡದ ನೀರು ಕೊಟ್ಟಳು.
ಮುದುಕಿ ಬೂಟು ಬಿಚ್ಚಿ, ಕಾಲುಚೀಲ ಬಿಚ್ಚಿ
ಶಹಾಬಾದಿ ಪರಸಿಯ ಮ್ಯಾಲ
ಎರಡೂ ಪಾದ ಊರಿ,
'ಆಹಾ' ಅಂದಳು.
ಉಳಿದ ಮಾತೆಲ್ಲ ಅವರ ಭಾಷೆ.
ಆ ಒಂದು ಆಹಾ ನಮ್ಮದೇ.

ಇಪ್ಪತ್ತಾರು ವರ್ಷ ಅದೇ ಪರಸಿ ತುಳಿದಿದ್ದೆ.
ತಣ್ಣಗದ ಅಂತ ಅವತ್ತೇ ಗೊತ್ತಾದದ್ದು.

ಚಲೋ ತಿಂಗಳದಾಗ ಯಾರು ಬಂದರೂ
ಊರು ತಲಿ ಬಾಚಿಕೊಂಡು ನಿಂತಿರ್ತದ.
ನನಗ ಅದು ಬ್ಯಾಡ.
ಹಲಗಿ ಹೊತ್ತು ಬೈಕೋತ ಬರುವಾಕಿ ಬೇಕು,
ಹೊಸ್ತಿಲದ ನೀರು ಬಳಿಯೋದು ನಿಲ್ಲಿಸಿ
ಈ ಹವಾದಾಗ ಇವರಿಬ್ಬರಿಗೆ ಏನು ಬಂದದ ಅಂತ
ನಕ್ಕು, ಆಮ್ಯಾಲ
ಒಳಗ ಕರೆಯುವಾಕಿ.
ಕರೀದಿದ್ದರೂ ಆಯ್ತು, ನಕ್ಕರ ಸಾಕು.

ಗಮ್‌ಬೂಟು ಮಾತ್ರ ಎಲ್ಲೂ ಸಿಗಲಿಲ್ಲ.
ಕಡೀಗೆ ಸಿಮೆಂಟ್ ಫ್ಯಾಕ್ಟರಿ ಗೇಟಿನ ಅಂಗಡಿಯಾಗ
ಎರಡು ಜೋಡಿ, ಕರೀವು, ಗಂಡಸರ ಅಳತಿ.
ನಿನ್ನೆ ಸಂಜೀಕ ಎಸ್ತೇರಮ್ಮ
ಅಂಗಳದ ಧೂಳಿನಾಗ ಹಲಗಿ ಹಾಸಿ,
ಸೀರಿ ಮೊಣಕಾಲಿಗೆ ಎತ್ತಿ,
ಕೈ ಎರಡೂ ಅಗಲ ಮಾಡಿ
ಹಗೂರಕ ನಡದು ನೋಡ್ಲಿಕತ್ತಿದ್ಳು.
ಬಿದ್ದರ ಒದ್ದಿ ಆಗ್ತೀನಿ ಅನ್ನುವಂಗ.